ಹರಿದ ಅಂಗಿ
ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಶ್ರದ್ಧಾವಂತ ಯೆಹೂದ್ಯರು ಇಂದಿಗೂ, 30 ದಿನಗಳಿಂದ ಆ ಸ್ಥಳವನ್ನು ಕಂಡಿರದಿದ್ದರೆ, ಅದು ಕಣ್ಣಿಗೆ ಬಿದ್ದೊಡನೆ ತೊಟ್ಟ ಅಂಗಿಯನ್ನು ನಾಲ್ಕು ಬೆರಳಗಲ ಹರಿದುಕೊಳ್ಳುತ್ತಾರೆ. ಸಬ್ಬತ್ತಿನ ದಿನ ಹರಿಯುವಂತಿಲ್ಲ. ಹಳೆಯ ಅಂಗಿಯನ್ನೇ ತೊಟ್ಟು ಹೋಗುವವರೂ ಉಂಟು; ಅದರಲ್ಲಿ ತಪ್ಪೇನೂ ನಮಗೆ ಕಾಣದು.

ನಮ್ಮನ್ನು ತಡೆದು ನಿಲ್ಲಿಸಿದ್ದು ಹೊಲಿಗೆಯ ನಿಯಮ. ಒಡಹುಟ್ಟಿದವರಿಗಾಗಿ ಹರಿದುದನ್ನು 30 ದಿನ ಕಳೆದ ಬಳಿಕ ಅಚ್ಚುಕಟ್ಟಾಗಿ ಹೊಲಿಯಬಹುದು. ತಂದೆತಾಯಿಗಳಿಗಾಗಿ, ದೇವಾಲಯಕ್ಕಾಗಿ ಹರಿದುದಕ್ಕೆ ಒರಟು ಹೊಲಿಗೆ ಹಾಕಬಹುದೇ ಹೊರತು ಗುರುತು ಅಳಿಯುವಂತೆ ಹೊಲಿಯುವಂತಿಲ್ಲ.

ನಮ್ಮ ತಾಯಿಯವರು ತೀರಿಕೊಂಡಾಗ ಹದಿನಾಲ್ಕನೆಯ ದಿನವೇ ನಾವು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಲೆಗೆ ಹೋದೆವು. ಪ್ರಾರ್ಥನೆಯಾಯಿತು, ಹಾಜರಿಯಾಯಿತು, ವ್ಯಾಕರಣದ ಪಾಠವೂ ನಡೆಯಿತು. ಎದೆಯ ಮೇಲೊಂದು ಒರಟು ಹೊಲಿಗೆ ಕಂಡಿದ್ದರೆ ಮಕ್ಕಳಲ್ಲಿ ಒಬ್ಬರಾದರೂ ಕೇಳುತ್ತಿದ್ದರೇನೋ.