ಎರಡು ಹೆಸರಿನ ಬೀದಿಗಳ ಊರಿನಲ್ಲಿ

ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್‌ನಲ್ಲಿ ಉದ್ಯೋಗದಲ್ಲಿರುವ ಅಕ್ಕನ ಮಗನ ಒತ್ತಾಯಕ್ಕೆ ಮಣಿದು, ನ್ಯಾಯಾಲಯದ ಬೇಸಗೆ ರಜೆಯಲ್ಲಿ ಪತ್ನಿ ಹಾಗೂ ಏಳನೆಯ ತರಗತಿ ಮುಗಿಸಿದ ಮಗಳೊಂದಿಗೆ ಹತ್ತು ದಿನ ಅಲ್ಲಿ ತಂಗಿದ್ದೆ. ಮೊದಲ ಏಳು ದಿನಗಳು ಎಲ್ಲ ಪ್ರವಾಸಿಗರ ದಿನಗಳಂತೆಯೇ ಕಳೆದವು. 1958ರ ವಿಶ್ವ ಪ್ರದರ್ಶನಕ್ಕಾಗಿ ನಿರ್ಮಿಸಿದ 102 ಮೀಟರ್ ಎತ್ತರದ ಅಟೋಮಿಯಂ, ಅರಮನೆ, ಚಾಕಲೇಟಿನ ಅಂಗಡಿಗಳು ಎಲ್ಲವನ್ನೂ ನೋಡಿದ್ದಾಯಿತು. ಇಲ್ಲಿ ಹೇಳಬೇಕೆನಿಸುವುದು ಕೊನೆಯ ಮೂರು ದಿನಗಳ ಸಂಗತಿ.

ಎಂಟನೆಯ ದಿನ ಮಗಳು ಬೀದಿಯ ಮೂಲೆಯಲ್ಲಿ ನಿಂತು, "ಅಪ್ಪಾ, ಇಲ್ಲಿ ಪ್ರತಿಯೊಂದು ಬೀದಿಗೂ ಎರಡೆರಡು ಹೆಸರು ಯಾಕೆ?" ಎಂದು ಕೇಳಿದಳು. ಫಲಕದಲ್ಲಿ ಮೇಲೆ ಫ್ರೆಂಚಿನಲ್ಲಿ ‘ರ್ಯೂ ದ ಲಾ ಲ್ವಾ’, ಕೆಳಗೆ ಡಚ್ಚಿನಲ್ಲಿ ‘ವೆಟ್‌ಸ್ಟ್ರಾಟ್’ ಎಂದಿತ್ತು. ಎರಡರ ಅರ್ಥವೂ ‘ಕಾನೂನಿನ ಬೀದಿ’ ಎಂದೇ. ಬ್ರಸೆಲ್ಸ್ ನಗರದಲ್ಲಿ ಎರಡೂ ಭಾಷೆಗಳಿಗೆ ಕಾನೂನಿನ ಸಮಾನ ಸ್ಥಾನವಿದೆ. ಉತ್ತರದ ಫ್ಲಾಂಡರ್ಸ್‌ನಲ್ಲಿ ಡಚ್, ದಕ್ಷಿಣದ ವಲೋನಿಯದಲ್ಲಿ ಫ್ರೆಂಚ್, ಪೂರ್ವದ ಅಂಚಿನ ಸಣ್ಣದೊಂದು ಭಾಗದಲ್ಲಿ ಜರ್ಮನ್. ಇವುಗಳ ನಡುವಣ ಭಾಷಾ ಗಡಿಯನ್ನು 1962-63ರ ಶಾಸನಗಳು ಖಾಯಂಗೊಳಿಸಿದವು.

ಮರುದಿನ ರೈಲಿನಲ್ಲಿ ಲುವೆನ್ ನಗರಕ್ಕೆ ಹೊರಟೆವು. ಅರ್ಧ ಗಂಟೆಯೂ ಹಿಡಿಯದ ದಾರಿ. ಹೊರಡುವಾಗ ಎರಡು ಭಾಷೆಗಳಲ್ಲಿ ಕೇಳಿಸುತ್ತಿದ್ದ ಘೋಷಣೆ, ನಗರದ ಎಲ್ಲೆ ದಾಟಿದೊಡನೆ ಡಚ್ಚಿನಲ್ಲಿ ಮಾತ್ರ ಉಳಿಯಿತು. ಲುವೆನ್‌ನ ವಿಶ್ವವಿದ್ಯಾಲಯ 1425ರಲ್ಲಿ ಸ್ಥಾಪನೆಯಾದದ್ದು. ಅದರ ಗ್ರಂಥಾಲಯವನ್ನು 1914ರಲ್ಲಿ ಜರ್ಮನ್ ಸೇನೆ ಸುಟ್ಟಿತು; ಹೊಸದಾಗಿ ಕಟ್ಟಿದ್ದು 1940ರ ಯುದ್ಧದಲ್ಲಿ ಮತ್ತೆ ಬೆಂಕಿಗೆ ಆಹುತಿಯಾಯಿತು. ಆದರೆ ನನ್ನನ್ನು ಹೆಚ್ಚು ಕಲಕಿದ್ದು ಬೆಂಕಿಯಲ್ಲ. 1968ರ ಭಾಷಾ ಚಳವಳಿಯಲ್ಲಿ ಸರಕಾರವೇ ಉರುಳಿತು, ವಿಶ್ವವಿದ್ಯಾಲಯ ಎರಡಾಯಿತು, ಫ್ರೆಂಚ್ ಭಾಗಕ್ಕಾಗಿ ಗಡಿಯಾಚೆ ಹೊಸದೊಂದು ಊರನ್ನೇ ಕಟ್ಟಲಾಯಿತು. ಗ್ರಂಥಗಳನ್ನು ಸಂಖ್ಯೆಯ ಮೇರೆಗೆ ಹಂಚಿಕೊಂಡರು: ಸಮಸಂಖ್ಯೆಯವು ಒಬ್ಬರಿಗೆ, ಬೆಸಸಂಖ್ಯೆಯವು ಇನ್ನೊಬ್ಬರಿಗೆ. ಪಾಲುಪಟ್ಟಿಯ ದಾವೆಗಳನ್ನು ನಡೆಸಿ ಬಲ್ಲ ನನಗೂ ಇಂತಹ ವಿಭಾಗ ಹೊಸತು. ಮಗಳು ಮಾತ್ರ, "ಒಂದೇ ಕತೆಯ ಎರಡು ಭಾಗಗಳಿದ್ದರೆ?" ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ.

ಮರಳುವಾಗ ಅಳಿಯ ಇನ್ನೊಂದು ವಿಚಾರ ಹೇಳಿದ. ಬ್ರಸೆಲ್ಸ್ ಸುತ್ತಲಿನ ಆರು ಫ್ಲೆಮಿಶ್ ಪುರಸಭೆಗಳಲ್ಲಿ ಫ್ರೆಂಚ್ ಭಾಷಿಕರು ತಮ್ಮ ಭಾಷೆಯಲ್ಲಿ ಕಾಗದಪತ್ರ ಪಡೆಯಬಹುದು. ಆದರೆ ಒಮ್ಮೆ ಕೇಳಿದರೆ ಸಾಲದು, ಪ್ರತಿ ಸಲವೂ ಕೇಳಬೇಕೆಂಬುದು 1997ರಲ್ಲಿ ಫ್ಲೆಮಿಶ್ ಸರಕಾರ ಹೊರಡಿಸಿದ ಸುತ್ತೋಲೆಯ ನಿಲುವು. ಅದರ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆದಿದೆ.

ಕೊನೆಯ ದಿನ ಬೆಳಗ್ಗೆ, ವೃತ್ತಿಯ ಸೆಳೆತದಿಂದ, ನ್ಯಾಯದ ಅರಮನೆಯನ್ನು ನೋಡಲು ಹೋದೆ. 1866ರಿಂದ 1883ರವರೆಗೆ ಕಟ್ಟಿದ ಬೃಹತ್ ಸೌಧ. ಅದಕ್ಕೆ ಜಾಗ ಮಾಡಲು ಬಡವರ ಕೇರಿಯ ಎಷ್ಟೋ ಮನೆಗಳನ್ನು ಕೆಡವಿದರಂತೆ. ಆ ಕೇರಿಯಲ್ಲಿ ‘ವಾಸ್ತುಶಿಲ್ಪಿ’ ಎಂಬ ಪದವೇ ಬೈಗುಳವಾಯಿತಂತೆ. ದುರಸ್ತಿಗೆಂದು 1980ರ ದಶಕದಲ್ಲಿ ಕಟ್ಟಿದ ಅಟ್ಟಣಿಗೆ ದಶಕಗಳ ಕಾಲ ಹಾಗೆಯೇ ನಿಂತು, ಕೊನೆಗೆ ಅಟ್ಟಣಿಗೆಗೇ ದುರಸ್ತಿ ಬೇಕಾಯಿತು. ನ್ಯಾಯದ ವಿಳಂಬ ನಮ್ಮಲ್ಲಿ ಮಾತ್ರವಲ್ಲವೆಂದು ನಕ್ಕೆ.

ಸಂಜೆ ಗ್ರಾನ್ ಪ್ಲಾಸ್ ಚೌಕದಲ್ಲಿ ಕುಳಿತಿದ್ದೆವು. 1695ರಲ್ಲಿ ಫ್ರೆಂಚ್ ಫಿರಂಗಿಗಳಿಂದ ಹಾಳಾಗಿ ಕೆಲವೇ ವರ್ಷಗಳಲ್ಲಿ ಮತ್ತೆ ಎದ್ದು ನಿಂತ ಚೌಕವದು. ಮನೆಗಳ ಬಂಗಾರದ ಲೇಪ ಇಳಿಬಿಸಿಲಿಗೆ ಹೊಳೆಯುತ್ತಿತ್ತು. ಪತ್ನಿ, ಮಗಳು ಚಿತ್ರ ತೆಗೆಯುತ್ತಿದ್ದರು. ನನ್ನ ಮನಸ್ಸು ಮಾತ್ರ ಕಾಸರಗೋಡಿನ ನನ್ನ ಕಚೇರಿಯಲ್ಲಿತ್ತು. ಕನ್ನಡ ಮಾತ್ರ ಓದಬಲ್ಲ ಅಡಕೆ ಕೃಷಿಕರು ಮಲಯಾಳದ ನೋಟೀಸು ಹಿಡಿದು ಬರುತ್ತಾರೆ. ನಾನು ಓದಿ ಹೇಳಿ ಕಳುಹಿಸುತ್ತೇನೆ. 1969ರ ಕೇರಳದ ಆಡಳಿತ ಭಾಷಾ ಕಾಯಿದೆಯು ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಅದನ್ನು ಬಲ್ಲ ನಾನೇ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೆ? ಓದಿ ಹೇಳುವುದು ಸುಲಭವಾಗಿತ್ತು. ಅದನ್ನೇ ಉಪಕಾರವೆಂದು ತಿಳಿದಿದ್ದೆ.

ಊರಿಗೆ ಬಂದ ಮೂರನೆಯ ದಿನ ವೃದ್ಧರೊಬ್ಬರು ಅಂಥದೇ ಕಾಗದ ತಂದರು. "ಒಮ್ಮೆ ಓದಿ ಹೇಳಿ ವಕೀಲರೇ" ಎಂದರು. ಓದಿ ಹೇಳಿದೆ. ಬಳಿಕ, ಕನ್ನಡ ಪ್ರತಿ ಬೇಕೆಂಬ ಅರ್ಜಿಯನ್ನು ಕನ್ನಡದಲ್ಲೇ ಬರೆದು ಅವರ ಸಹಿ ಪಡೆದೆ. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ಅರ್ಜಿ ಸಿದ್ಧವಾಗಿದೆ.