ಫಾರಂನಲ್ಲಿ ಅಕ್ಕನ ಹೆಸರು

ಅಮೆರಿಕದಲ್ಲಿ ಮಗನೋ ಮಗಳೋ ಇರುವ ನಮ್ಮಂಥ ಅಜ್ಜ-ಅಜ್ಜಿಯರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. ಸಂದರ್ಶಕರ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ಮೊಮ್ಮಕ್ಕಳು ನಮ್ಮ ಕೈಯ ತುತ್ತಿಗೆ ಒಗ್ಗಿಕೊಳ್ಳುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ಆಮೇಲೆ ಅವರನ್ನು ನೋಡಿಕೊಳ್ಳುವವರು ಯಾರು?

ನ್ಯೂಜೆರ್ಸಿಯಲ್ಲಿರುವ ನನ್ನ ಮಗಳು ಕಂಡುಕೊಂಡ ದಾರಿ ‘ಓ ಪೇರ್’. ಇದು ಫ್ರೆಂಚ್ ಮಾತು, ‘ಸರಿಸಮ’ ಎಂದು ಅರ್ಥ. ಬೇರೆ ದೇಶದ 18ರಿಂದ 26 ವರ್ಷದ ಯುವಕ ಯುವತಿಯರು ಒಂದು ವರ್ಷದ ಮಟ್ಟಿಗೆ ಅಮೆರಿಕದ ಒಂದು ಮನೆಯಲ್ಲಿ ಮನೆಯವರಂತೆ ಇದ್ದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅವರಿಗೆ ಬೇರೆ ಕೋಣೆ, ಊಟ, ಓದಿಗೆ 500 ಡಾಲರ್‌ವರೆಗೆ ನೆರವು, ವಾರಕ್ಕೆ ಕನಿಷ್ಠ 195.75 ಡಾಲರ್ ಕೊಡಬೇಕು. ದಿನಕ್ಕೆ 10 ಗಂಟೆ, ವಾರಕ್ಕೆ 45 ಗಂಟೆ ಮೀರಿ ಕೆಲಸ ಹೇಳುವಂತಿಲ್ಲ. ಮಕ್ಕಳ ತಟ್ಟೆ ತೊಳೆಯಬಹುದು. ಮನೆಮಂದಿಯ ಪಾತ್ರೆಯೆಲ್ಲ ತಿಕ್ಕುವುದು ಅವರ ಕೆಲಸವಲ್ಲ. ಮಗಳ ಮನೆಗೆ ಬಂದದ್ದು ಕೊಲಂಬಿಯಾದ ಹುಡುಗಿ. ಮೊಮ್ಮಕ್ಕಳಿಬ್ಬರಿಗೂ ಅವಳು ‘ಅಕ್ಕ’.

ನಾನು ಖಜಾನೆಯಲ್ಲಿ ಗುಮಾಸ್ತನಾಗಿದ್ದವನು. ಏಪ್ರಿಲ್ 15ರೊಳಗೆ ಸಲ್ಲಿಸಬೇಕಾದ ತೆರಿಗೆ ಕಾಗದಗಳನ್ನು ಮಗಳು ಊಟದ ಮೇಜಿನ ಮೇಲೆ ಹರಡಿದಾಗ ಕನ್ನಡಕ ಏರಿಸಿ ಪಕ್ಕದಲ್ಲಿ ಕೂತೆ. ಅದರಲ್ಲಿ 2441 ಎಂಬ ನಂಬರಿನ ಫಾರಂ ಇತ್ತು. ಮಕ್ಕಳನ್ನು ನೋಡಿಕೊಳ್ಳಲು ಮಾಡಿದ ಖರ್ಚಿಗೆ ಸರ್ಕಾರ ತೆರಿಗೆ ರಿಯಾಯಿತಿ ಕೊಡುವ ಫಾರಂ ಅದು. ಮಗುವಿಗೆ 13 ತುಂಬಿರಬಾರದು. ತಂದೆ ತಾಯಿ ಇಬ್ಬರೂ ದುಡಿಯುತ್ತಿರಬೇಕು, ಇಲ್ಲವೇ ಕೆಲಸ ಹುಡುಕುತ್ತಿರಬೇಕು. ಅವರು ಸಿನಿಮಾಕ್ಕೆ ಹೋದ ಸಂಜೆಯ ಖರ್ಚು ಲೆಕ್ಕಕ್ಕಿಲ್ಲ.

ಹತ್ತು ವರ್ಷದ ಮೊಮ್ಮಗಳು ಪೆನ್ಸಿಲ್ ತಂದಳು. 195.75ನ್ನು 52 ವಾರಗಳಿಂದ ಗುಣಿಸಿದರೆ 10,179 ಡಾಲರ್. ಆದರೆ ಒಂದು ಮಗುವಿಗೆ 3,000, ಎರಡೋ ಹೆಚ್ಚೋ ಇದ್ದರೆ ಒಟ್ಟು 6,000 ಡಾಲರ್ ಖರ್ಚನ್ನು ಮಾತ್ರ ಸರ್ಕಾರ ಪರಿಗಣಿಸುತ್ತದೆ. ಮಗಳು ಅಳಿಯನ ಆದಾಯಕ್ಕೆ ಸಿಗುವುದು ಅದರ ಶೇ 20. ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ 1,200 ಡಾಲರ್ ಕಡಿಮೆ.

ನನ್ನ ಗಮನ ಸೆಳೆದದ್ದು ಮೊತ್ತವಲ್ಲ, ಅದಕ್ಕೂ ಮೊದಲಿನ ಒಂದು ಸಾಲು. ಮಕ್ಕಳನ್ನು ನೋಡಿಕೊಂಡವರ ಹೆಸರು, ವಿಳಾಸ, ಸರ್ಕಾರ ಅವರಿಗೆ ಕೊಟ್ಟ ನಂಬರು, ಅವರಿಗೆ ಸಂದ ಹಣ, ಇಷ್ಟನ್ನೂ ಅಲ್ಲಿ ಬರೆಯಬೇಕು. ಗುಟ್ಟಾಗಿ ಕೈಗೆ ಕಾಸಿಟ್ಟು ಆಮೇಲೆ ರಿಯಾಯಿತಿ ಕೇಳಲಾಗದು. ಹುಡುಗಿ ಬಂದ ಹೊಸದರಲ್ಲೇ ಮಗಳು ಅವಳನ್ನು ಕಚೇರಿಗೆ ಕರೆದೊಯ್ದು ಸೋಷಿಯಲ್ ಸೆಕ್ಯುರಿಟಿ ನಂಬರಿಗೆ ಅರ್ಜಿ ಹಾಕಿಸಿದ್ದಳು. ಆ ಹಣ ಹುಡುಗಿಗೆ ಆದಾಯ. ಅವಳೂ ತನ್ನ ತೆರಿಗೆ ಲೆಕ್ಕ ಒಪ್ಪಿಸಬೇಕು. ಮಗಳು ಅವಳ ಹೆಸರನ್ನು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು. ಮನೆಮನೆಯ ಮಕ್ಕಳನ್ನು ಎತ್ತಿ ಆಡಿಸಿದ ಹೆಣ್ಣುಮಕ್ಕಳನ್ನು ನಮ್ಮೂರಲ್ಲೂ ಬೇಕಾದಷ್ಟು ಕಂಡಿದ್ದೇನೆ. ಅವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

“ಅಜ್ಜಿಯ ಹೆಸರು ಯಾಕೆ ಬರೆದಿಲ್ಲ ತಾತ?” ಎಂದಳು ಮೊಮ್ಮಗಳು.

ಕೊಟ್ಟ ಹಣಕ್ಕೆ ಮಾತ್ರ ರಿಯಾಯಿತಿ. ಸಂದರ್ಶಕರಾಗಿ ಬಂದವರು ಸಂಬಳ ತೆಗೆದುಕೊಳ್ಳುವಂತಿಲ್ಲ ಎಂದು ವಿವರಿಸಿದೆ. ಅಲ್ಲೇ ನೆಲೆಸಿ ದುಡಿಯುವ ಹಕ್ಕಿರುವ ಅಜ್ಜಿಗೆ ನಿಜವಾಗಿ ಹಣ ಕೊಟ್ಟಿದ್ದರೆ, ಆಕೆ ತೆರಿಗೆಯ ಲೆಕ್ಕದಲ್ಲಿ ಮಕ್ಕಳ ಅವಲಂಬಿತೆಯಲ್ಲದಿದ್ದರೆ, ಆಕೆಯ ಹೆಸರನ್ನೂ ಬರೆಯಬಹುದು.

ಬೆಳ್ಳುಳ್ಳಿ ಬಿಡಿಸುತ್ತಿದ್ದ ನನ್ನಾಕೆ ತಲೆ ಎತ್ತದೆ ಹೇಳಿದಳು: “ನನ್ನದು ಬಾಕಿ ಇರಲಿ ಬಿಡು ಪುಟ್ಟಿ. ದೊಡ್ಡವಳಾದ ಮೇಲೆ ಬಡ್ಡಿ ಸೇರಿಸಿ ಕೊಡುವೆಯಂತೆ.”

ಪುಟ್ಟಿ ಆ ಬಾಕಿಯನ್ನು ತನ್ನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕ ಹಾಕಿ ಬರೆದುಕೊಂಡಳು. ಮಕ್ಕಳೇ, ನಿಮ್ಮ ಪುಸ್ತಕದಲ್ಲೂ ಅಂಥ ಒಂದು ಹಾಳೆ ಇರಲಿ.