ಕೊನೆ ಭಾಗದ ದೀಪಗಳು

ಅಪ್ಪನಿಗೆ ರಾತ್ರಿ ಕಣ್ಣು ಕಾಣುವುದಿಲ್ಲ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದೆವು. ಚನ್ನಗಿರಿ ರಸ್ತೆಯಲ್ಲಿ ಒಂದು ರಾತ್ರಿ, ದೀಪವಿಲ್ಲದ ಎತ್ತಿನಗಾಡಿಗೆ ಇನ್ನೇನು ತಾಗಿತು ಎನ್ನುವಾಗ ಬ್ರೇಕ್ ಒತ್ತಿದ ಮೇಲಂತೂ, ಹೊತ್ತು ಮುಳುಗಿತೆಂದರೆ ಕಾರಿನ ಕೀಲಿ ಅಮ್ಮನ ಸೆರಗಿನ ಗಂಟು ಸೇರುತ್ತಿತ್ತು. "ನನ್ನ ಕಣ್ಣಲ್ಲ ಕಣೋ, ಕಾರಿನ ಕಣ್ಣು" ಎಂದು ಅಪ್ಪ ಹೇಳುತ್ತಲೇ ಇದ್ದರು. ಎಪ್ಪತ್ತು ದಾಟಿದವರ ಮಾತು ಯಾರಿಗೆ ಬೇಕು?

ಕಾರಿಗೂ ವಯಸ್ಸಾಗಿತ್ತು. ಹೊಸ ಬಲ್ಬು ಹಾಕಿಸಿದೆ, ಗಾಜು ಉಜ್ಜಿಸಿದೆ. ಬೆಳಕು ಮಾತ್ರ ಬೆಳಗದ ಹಿತ್ತಾಳೆ ಚೊಂಬಿನ ಬಣ್ಣದ್ದೇ. ಕೊನೆಗೆ ದಾವಣಗೆರೆಯ ಒಬ್ಬ ವೈರಿಂಗ್ ಹುಡುಗನ ಹತ್ತಿರ ಒಯ್ದೆ. ಇಂಜಿನ್ ಚಾಲೂ ಇಟ್ಟು, ಲೈಟು ಹಾಕಿಸಿ, ಅವನು ಮಲ್ಟಿಮೀಟರ್ ಹಿಡಿದ. ಬ್ಯಾಟರಿಯಲ್ಲಿ 13.5 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 10.8.

"ನಮ್ಮ ಹೊಲಾನೂ ಹಿಂಗೇ ಐತ್ರಿ ಸಾರ್, ಭದ್ರಾ ನಾಲೆ ಕೊನೆ ಭಾಗ. ಡ್ಯಾಮ್ ತುಂಬಿರ್ತೈತಿ, ನಮ್ಮ ಗದ್ದಿಗೆ ನೀರು ಬರಲ್ಲ."

ಬ್ಯಾಟರಿಯಿಂದ ಹೊರಟ ಕರೆಂಟು ನೇರ ದೀಪಕ್ಕೆ ಹೋಗುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ನುಗ್ಗಿ, ಸ್ವಿಚ್ಚಿಗೆ ಹಾಜರಿ ಹಾಕಿ, ಡಿಪ್ಪರಿನಲ್ಲಿ ಹಾದು, ಮತ್ತೆ ಮುಂದಕ್ಕೆ ಬರಬೇಕು. ತಲಾ 55 ವ್ಯಾಟಿನ ಎರಡು ಬಲ್ಬಿಗೆ ಒಂಬತ್ತು ಆಂಪಿಯರಿಗೂ ಮಿಕ್ಕಿ ಕರೆಂಟು ಬೇಕು. ದಾರಿಯಲ್ಲಿ ಇದ್ದದ್ದು ನೂಲಿನಂಥ ವೈರು, ಕಿಲುಬು ಹಿಡಿದ ಜಾಯಿಂಟು. ಪ್ರತಿ ಗಂಟಿನಲ್ಲೂ ಅಷ್ಟಷ್ಟು ಸೋರಿಕೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ಸುಮಾರು ಮೂವತ್ತು ಇಳಿಯುತ್ತದೆ. ನಮ್ಮದು ಇಳಿದದ್ದು ಇಪ್ಪತ್ತು. ಅರ್ಧಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಖರ್ಚಾಗಿತ್ತು.

ಹುಡುಗ ಬೆಂಕಿಪೊಟ್ಟಣಕ್ಕಿಂತ ಚಿಕ್ಕವಾದ ಎರಡು ಕಪ್ಪು ಡಬ್ಬಿ ತೆಗೆದ: ಡಿಪ್ಪಿಗೊಂದು, ಬ್ರೈಟಿಗೊಂದು ರಿಲೇ. ಅಡಿಯಲ್ಲಿ ನಾಲ್ಕು ಕಾಲು, ಕಾಲಿಗೊಂದು ನಂಬರು. 30ಕ್ಕೆ ಬ್ಯಾಟರಿಯಿಂದ ದಪ್ಪ ವೈರು, ನಡುವೆ ಫ್ಯೂಸು. 87ರಿಂದ ನೇರ ಬಲ್ಬಿಗೆ. ಹಳೆಯ ಸ್ವಿಚ್ಚಿನ ವೈರು 86ಕ್ಕೆ, 85 ಬಾಡಿಗೆ ಅರ್ತು. ಇನ್ನು ಸ್ವಿಚ್ಚಿಗೆ ಒಂದೇ ಕೆಲಸ, ಒಳಗಿನ ಸುರುಳಿಗೆ ಕಾಲು ಆಂಪಿಯರಿಗೂ ಕಡಿಮೆ ಕರೆಂಟು ಕೊಡುವುದು. ಸುರುಳಿ ಅಯಸ್ಕಾಂತವಾಗಿ ಒಂದು ಕಬ್ಬಿಣದ ಪಟ್ಟಿಯನ್ನು 'ಟಿಕ್' ಎಂದು ಎಳೆದುಕೊಳ್ಳುತ್ತದೆ. ದೊಡ್ಡ ನಾಲೆಯ ತೂಬು ತೆರೆದಂತೆ.

ಆ 'ಟಿಕ್' ಕೇಳಿ ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿದರು. ಅವರು ನಿವೃತ್ತ ಪೋಸ್ಟ್‌ಮಾಸ್ಟರ್. ಮೋರ್ಸ್ ಕೀಲಿ ಕುಟ್ಟಿದ ಕೈ. "ಇದು ನಮ್ಮ ಟೆಲಿಗ್ರಾಫಿನದ್ದಲ್ವೇನೋ!" ಎಂದರು.

ಹೌದು. 1835ರ ಸುಮಾರಿಗೆ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜೋಸೆಫ್ ಹೆನ್ರಿ ಎಂಬ ಮೇಷ್ಟರು, ಉದ್ದನೆಯ ತಂತಿಯಲ್ಲಿ ಬಂದ ಸಣ್ಣ ಕರೆಂಟಿನಿಂದ ದೊಡ್ಡ ಅಯಸ್ಕಾಂತದ ಕರೆಂಟು ಕಡಿದು, ಅದು ಹಿಡಿದಿದ್ದ ಭಾರವನ್ನು ದೊಪ್ಪೆಂದು ಬೀಳಿಸಿ ವಿದ್ಯಾರ್ಥಿಗಳನ್ನು ಬೆಚ್ಚಿಬೀಳಿಸುತ್ತಿದ್ದರು. ಪ್ರಯೋಗಶಾಲೆಯಿಂದ ಮನೆಗೂ ತಂತಿ ಎಳೆದು ಹೆಂಡತಿಗೆ ಸಂಕೇತ ಕಳಿಸುತ್ತಿದ್ದರಂತೆ. ಮೈಲಿಗಟ್ಟಲೆ ನಡೆದು ಸೊರಗಿದ ಟೆಲಿಗ್ರಾಫ್ ಸಂಕೇತಕ್ಕೆ ಹೊಸ ಬ್ಯಾಟರಿಯ ಕಸುವು ತುಂಬಿ ಮುಂದೆ ಕಳಿಸಿದ್ದೂ ಇದೇ ರಿಲೇ. ಹೆಸರು ಬಂದದ್ದು ದಣಿದ ಕುದುರೆ ಬಿಟ್ಟು ಹೊಸದನ್ನು ಹೂಡುವ ಪದ್ಧತಿಯಿಂದ.

"ಚಿಕ್ಕದೇವರಾಜರು 1672ರಲ್ಲೇ ಮೈಸೂರು ಅಂಚೆ ಶುರು ಮಾಡಿದ್ರು" ಎಂದು ಅಪ್ಪ ತಮ್ಮ ಇಲಾಖೆಯ ಮಾನ ಕಾಯ್ದರು. "ಒಬ್ಬ ಓಡಿ ಸುಸ್ತಾದ್ರೆ ಚೀಲ ಇನ್ನೊಬ್ಬನ ಹೆಗಲಿಗೆ. ರಿಲೇ ಅಂದ್ರೆ ಅಂಚೆನೇ." ದೇಶದ ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲಿ ನಿಂತಿತು; ಅದರ ಸದ್ದು ನಮ್ಮ ಕಾರಿನಲ್ಲಿ ಮತ್ತೆ ಕೆಲಸಕ್ಕೆ ಸೇರಿತ್ತು.

ಮೀಟರು ಈಗ ಬಲ್ಬಿನ ಬುಡದಲ್ಲಿ 13.2 ತೋರಿಸಿತು. ಆ ರಾತ್ರಿ ಅಪ್ಪನೇ ಸ್ಟಿಯರಿಂಗ್ ಹಿಡಿದರು. ಮೈಲುಗಲ್ಲು, ಜಾಲಿಗಿಡ, ರಸ್ತೆ ದಾಟುವ ಮುಂಗುಸಿ ಎಲ್ಲ ಕಂಡವು. ನನಗಿಂತ ಮೊದಲು ಅವರಿಗೇ. ಮನೆಯ ತಿರುವಿನಲ್ಲಿ ಸುಮ್ಮಸುಮ್ಮನೆ ಡಿಪ್ಪು-ಬ್ರೈಟು ಆಡಿಸಿದರು. ಟಿಕ್, ಟಿಕ್‌ಟಿಕ್, ಟಿಕ್.

"ಏನಪ್ಪಾ ಅದು?"

"ನಿಮ್ಮಮ್ಮಂಗೆ ತಂತಿ ಹೊಡೆದೆ. ಕೀಲಿ ವಾಪಸ್ ಕೊಡಲ್ಲ ಅಂತ."